ಬೆಳ್ಳಿಯ ಲೆಕ್ಕ, ಬೆವರಿನ ಲೆಕ್ಕ
(ಕನಕಪುರದ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಊರಿನ ಹೆಸರಿನಲ್ಲಿಯೇ ಕನಕ ಉಂಟು. ಆದರೆ ಕಲ್ಲು ಒಡೆಯುವವನ ಮನೆಯಲ್ಲಾಗಲಿ, ರೇಷ್ಮೆಹುಳು ಸಾಕುವವಳ ಮನೆಯಲ್ಲಾಗಲಿ ಅದು ಎಷ್ಟಿದೆಯೆಂಬುದನ್ನು ನಾವೆಲ್ಲರೂ ಬಲ್ಲೆವು. ಹೆಸರು ಒಬ್ಬರದು, ಹಣ ಇನ್ನೊಬ್ಬರದು. ಇದಕ್ಕೆ ಇಂದು ಒಂದು ಹಡಗಿನ ಕಥೆಯನ್ನು ಹೇಳುತ್ತೇವೆ.

ಆ ಹಡಗಿಗೆ ಇಟ್ಟಿದ್ದುದು ಶರಾವತಿಯ ದಡದ ನಮ್ಮ ಗೇರುಸೊಪ್ಪೆಯ ಹೆಸರು. ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ನಾಡು ಅದು. ಆ ಕಾಲದಲ್ಲಿ ಯೂರೋಪಿನವರು ಪೂರ್ವದೇಶಗಳ ಸರಕಿಗೆ ತೆತ್ತ ಬೆಳ್ಳಿ ಬಹಳಷ್ಟು ಸ್ಪೇನಿನ ವಸಾಹತುಗಳ ಗಣಿಗಳಿಂದ ಬಂದದ್ದು. ಪೊಟೋಸಿಯ ಬೆಟ್ಟದಲ್ಲಿ ಅದನ್ನು ಅಗೆದವರು ಆಂಡಿಸ್ ಸೀಮೆಯ ಮೂಲನಿವಾಸಿಗಳು. ಏಳು ಮಂದಿ ಗಂಡಸರಲ್ಲಿ ಒಬ್ಬನಂತೆ ಸರದಿಯ ಮೇಲೆ ಅವರನ್ನು ಬಲವಂತದ ಚಾಕರಿಗೆ ಎಳೆದೊಯ್ದರು.

1940ರ ಡಿಸೆಂಬರಿನಲ್ಲಿ ‘ಗೇರುಸೊಪ್ಪ’ ಹಡಗು ಕಲ್ಕತ್ತೆಯಿಂದ ಬೆಳ್ಳಿ, ಕಬ್ಬಿಣ, ಚಹಾ ಹೊತ್ತು ಬ್ರಿಟನ್ನಿಗೆ ಹೊರಟಿತು. ಅದೇ 1940ರಲ್ಲಿ ನಮ್ಮ ರೂಪಾಯಿಯ ಬೆಳ್ಳಿ ಹನ್ನೆರಡರಲ್ಲಿ ಹನ್ನೊಂದು ಪಾಲಿನಿಂದ ಅರ್ಧಕ್ಕೆ ಇಳಿಯಿತು. 1941ರ ಫೆಬ್ರವರಿಯಲ್ಲಿ, ಕಲ್ಲಿದ್ದಲು ಸಾಲದೆ ಸಾಲಿನಿಂದ ಬೇರ್ಪಟ್ಟ ಹಡಗನ್ನು ಐರ್ಲೆಂಡಿನ ನೈರುತ್ಯದಲ್ಲಿ ಜರ್ಮನ್ ಜಲಾಂತರ್ಗಾಮಿ ಮುಳುಗಿಸಿತು. ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಉಳಿದವನು ಒಬ್ಬ ಬ್ರಿಟಿಷ್ ಅಧಿಕಾರಿ ಮಾತ್ರ. ಸತ್ತವರಲ್ಲಿ ಬಹುಮಂದಿ ಭಾರತದ ಖಲಾಸಿಗಳು. ಬಿಳಿಯ ನಾವಿಕನ ಸಂಬಳದ ಒಂದು ಸಣ್ಣ ಪಾಲು ಇವರ ಸಂಬಳ. 1939ರಲ್ಲಿ ಹೆಚ್ಚಳ ಕೇಳಿ ಮುಷ್ಕರ ಹೂಡಿದ ಖಲಾಸಿಗಳಲ್ಲಿ ಅನೇಕರು ಸೆರೆಮನೆ ಸೇರಿದ್ದರು.

ಎಪ್ಪತ್ತು ವರ್ಷಗಳ ಮೇಲೆ, 2011ರಲ್ಲಿ, ಒಡಿಸ್ಸಿ ಎಂಬ ಅಮೆರಿಕದ ಕಂಪೆನಿ ಸುಮಾರು 4,700 ಮೀಟರ್ ಆಳದಲ್ಲಿ ಹಡಗನ್ನು ಹುಡುಕಿತು. 2012 ಮತ್ತು 2013ರಲ್ಲಿ 2,792 ಬೆಳ್ಳಿ ಗಟ್ಟಿಗಳನ್ನು, ಸುಮಾರು 110 ಟನ್ನು, ಮೇಲೆತ್ತಿತು. ಖರ್ಚು ಕಳೆದು ಉಳಿದದ್ದರಲ್ಲಿ ಕಂಪೆನಿಗೆ ನೂರಕ್ಕೆ 80, ಬ್ರಿಟಿಷ್ ಸರ್ಕಾರಕ್ಕೆ 20. ರಾಯಲ್ ಮಿಂಟ್ ಆ ಬೆಳ್ಳಿಯಲ್ಲಿ ನಾಣ್ಯ ಟಂಕಿಸಿ, ಅಂಚಿನಲ್ಲಿ ಹಡಗಿನ ಹೆಸರು ಕೊರೆದು ಮಾರಿತು. ಖಲಾಸಿಗಳ ಮನೆಯವರಿಗೆ ಆ ಪಾಲುಪಟ್ಟಿಯಲ್ಲಿ ಜಾಗವಿರಲಿಲ್ಲ.

ಇದೇ ಕಂಪೆನಿ 2007ರಲ್ಲಿ ಸ್ಪೇನಿನ ‘ಮರ್ಸಿಡಿಸ್’ ಹಡಗಿನಿಂದ ಸುಮಾರು 17 ಟನ್ನು ನಾಣ್ಯ ಎತ್ತಿತ್ತು. ಬಹುಪಾಲು ಬೆಳ್ಳಿಯವೇ. 1804ರಲ್ಲಿ ಬ್ರಿಟಿಷ್ ನೌಕೆಗಳ ದಾಳಿಗೆ ಸಿಕ್ಕಿ ಒಡೆದ ಹಡಗು ಅದು. ಅಮೆರಿಕದ ನ್ಯಾಯಾಲಯ ನಿಧಿಯನ್ನು ಸ್ಪೇನಿಗೆ ಕೊಡಿಸಿತು. 2012ರ ಫೆಬ್ರವರಿಯಲ್ಲಿ ಅದು ಸ್ಪೇನಿಗೆ ಹೋಯಿತು. ನಮ್ಮ ನೆಲದ ಬೆಳ್ಳಿಯೆಂದು ಪೆರು ಕೇಳಿದ್ದು ವ್ಯರ್ಥವಾಯಿತು.

ಹಡಗಿನ ಒಡೆಯನಿಗೆ ಕಾನೂನು ಉಂಟು, ಹುಡುಕಿದವನಿಗೆ ಕರಾರು ಉಂಟು. ಅಗೆದವನಿಗೆ, ಹೊತ್ತವನಿಗೆ ಏನುಂಟು?

ದೂರದ ಮಾತಲ್ಲ ಇದು. ಕನಕಪುರದ ಹೆಸರು ಹೊತ್ತ ಗ್ರಾನೈಟ್ ಪರದೇಶಕ್ಕೆ ಹೋಗುತ್ತದೆ. ಚಪ್ಪಡಿಗೆ ನಂಬರು ಉಂಟು, ಲಾರಿಗೆ ರಹದಾರಿ ಉಂಟು. ಅದನ್ನು ಕಡಿದವನ ಹೆಸರು ಹಾಜರಿ ಪುಸ್ತಕದಲ್ಲಿ ಉಂಟೆ? ಇಂದು ರಾತ್ರಿಯೇ ನಿಮ್ಮ ನಿಮ್ಮ ಹಳ್ಳಿಯಲ್ಲಿ ಕೇಳಿ ನೋಡಿ. ಹೆಸರಿಲ್ಲದವನು ನಾಳೆ ಬಂಡೆಯ ಕೆಳಗೆ ಸಿಕ್ಕಿದರೆ ಪರಿಹಾರ ಕೇಳುವುದಕ್ಕೆ ಆಧಾರವೇನು?

ನಮ್ಮ ಕೇಳಿಕೆ ಎರಡು. ಕ್ವಾರಿಯಲ್ಲಿ ದುಡಿಯುವ ಪ್ರತಿಯೊಬ್ಬರ ಹೆಸರೂ ಹಾಜರಿ ಪುಸ್ತಕಕ್ಕೆ ಬರಬೇಕು. ಗೇರುಸೊಪ್ಪೆಯಲ್ಲಿ ಆ ಖಲಾಸಿಗಳ ಹೆಸರುಗಳನ್ನು ಕೊರೆದ ಒಂದು ಕಲ್ಲು ನಿಲ್ಲಬೇಕು. ಅವರು ಕನ್ನಡಿಗರಲ್ಲದಿರಬಹುದು, ದುಡಿಮೆಗೆ ಆ ಭೇದವಿಲ್ಲ. ಕಲ್ಲನ್ನು ಕನಕಪುರದಿಂದ ನಾವು ಕೊಡೋಣ, ಕೊರೆಯುವ ಕೈಯನ್ನೂ ಕೊಡೋಣ.