ಮೋಸ ಹೋದವರನ್ನು ಹಂಗಿಸಬೇಡಿ



ಗುರುಪುರ, ಹುಣಸೂರು ಸುತ್ತಲಿನ ರೈತರಿಗೆ ಹೊಗೆಸೊಪ್ಪು ಹರಾಜಿನ ಹಣ ಈಗ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಕಳ್ಳನೂ ಹಿತ್ತಿಲ ಬಾಗಿಲು ಬಿಟ್ಟು ಮೊಬೈಲಿಗೇ ಬರುತ್ತಿದ್ದಾನೆ. ಪೊಲೀಸ್ ಸಮವಸ್ತ್ರ ತೊಟ್ಟು ವಿಡಿಯೋ ಕರೆ ಮಾಡಿ, "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಯಾರಿಗೂ ಹೇಳಬೇಡಿ" ಎಂದು ಹೆದರಿಸುತ್ತಾನೆ. ನಮ್ಮ ದೇಶದ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೂ ರೇಡಿಯೋದಲ್ಲಿ ಇದನ್ನೇ ಹೇಳಿದರು.

ನಂಬಿಕೆಗೆ ಅರ್ಹನಲ್ಲದವನು ಸುದ್ದಿ ತಂದರೆ ಮೊದಲು ವಿಚಾರಿಸಿ ನೋಡಬೇಕೆಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸುತ್ತದೆ. ಅಪರಿಚಿತ ಕರೆಗೂ, ಮದುವೆ ಆಮಂತ್ರಣದ ಹೆಸರಲ್ಲಿ ವಾಟ್ಸಾಪಿಗೆ ಬರುವ ಎಪಿಕೆ ಫೈಲಿಗೂ ಈ ಪಾಠ ಅನ್ವಯಿಸುತ್ತದೆ. ಓಟಿಪಿಯನ್ನು ಅಮಾನತ್‌ನಂತೆ ಕಾಯಬೇಕು. ಯಾರು ಕೇಳಿದರೂ ಕೊಡಬಾರದು.

ನಮ್ಮ ಜಮಾಅತಿನ ಹಿರಿಯರೊಬ್ಬರು ಮನೆಯ ತಾರಸಿಗೆಂದು ಕೂಡಿಟ್ಟಿದ್ದ ಹಣವನ್ನು ಹೀಗೆಯೇ ಕಳೆದುಕೊಂಡರು. ಮೂರು ದಿನ ಹೆಂಡತಿ ಮಕ್ಕಳಿಗೂ ಹೇಳಲಿಲ್ಲ. ಕೇಳಿದಾಗ, "ಜನ ನಗ್ತಾರೆ ಹಜ್ರತ್" ಎಂದರು. ಆ ಮಾತು ನಮ್ಮನ್ನು ಚುಚ್ಚಿತು. ಕೂಡಲೇ 1930ಕ್ಕೆ ಕರೆ ಮಾಡಿದ್ದರೆ, ಕಳ್ಳ ಹಣ ತೆಗೆಯುವ ಮೊದಲೇ ಬ್ಯಾಂಕಿನಲ್ಲಿ ಅದನ್ನು ತಡೆಹಿಡಿಯುವ ಅವಕಾಶವಿತ್ತು. ಜನರ ನಗುವಿಗೆ ಹೆದರಿ ಅವರು ಬಾಯಿ ಕಟ್ಟಿಕೊಂಡರು. ಆ ನಗುವಿನಲ್ಲಿ ನಮ್ಮೆಲ್ಲರ ಪಾಲೂ ಇದೆ.

ಮೋಸ ಮಾಡಿದವನೇ ಪಾಪಿ. ಮೋಸ ಹೋದವನ ಪಕ್ಕದಲ್ಲಿ ನಿಲ್ಲುವುದು ನಮ್ಮ ಕರ್ತವ್ಯ. ಯುವಕರೇ, ಇಂದು ಮನೆಗೆ ಹೋದ ಕೂಡಲೇ ಅಬ್ಬಾ, ಅಮ್ಮಿಯವರ ಮೊಬೈಲಿನಲ್ಲಿ 1930 ಸೇವ್ ಮಾಡಿಕೊಡಿ. "ಏನೇ ಆದರೂ ಮೊದಲು ನಮಗೆ ಹೇಳಿ, ಬೈಯುವುದಿಲ್ಲ" ಎಂದೂ ಮಾತು ಕೊಡಿ.

ಅಲ್ಲಾಹನು ನಮ್ಮ ಹಲಾಲ್ ದುಡಿಮೆಯನ್ನು ಕಾಪಾಡಲಿ. ಆಮೀನ್.