ವಿಳಾಸವಿಲ್ಲದವರಿಗೊಂದು ವಿಳಾಸ
(ಉಪನ್ಯಾಸವೊಂದರ ಪಠ್ಯ)



ಪರದೇಶಕ್ಕೆ ಹೊರಟವನು ಬಟ್ಟೆಬರೆ, ಚಟ್ನಿಪುಡಿ, ಔಷಧ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿಕೊಳ್ಳಬಹುದು. ವಿಳಾಸವನ್ನು ಮಾತ್ರ ತುಂಬಿಕೊಳ್ಳಲಾರ. ಅದು ಊರಿನಲ್ಲೇ ಉಳಿಯುತ್ತದೆ. ಇಂದು ಈ ಹೋಟೆಲು, ನಾಳೆ ಇನ್ನೊಂದು ಎಂದು ತಿರುಗುವವನಿಗೆ ಮನೆಯವರು ಎಲ್ಲಿಗೆ ಕಾಗದ ಬರೆಯಬೇಕು? ತಂದೆಯ ಕಾಯಿಲೆ ಹೆಚ್ಚಾದರೆ, ತಂಗಿಯ ಮದುವೆ ನಿಶ್ಚಯವಾದರೆ ಅವನಿಗೆ ತಿಳಿಸುವುದು ಹೇಗೆ? ಮೊಬೈಲ್ ಫೋನ್ ಬರುವ ಮುನ್ನ ಇದು ಪ್ರತಿಯೊಬ್ಬ ಪ್ರವಾಸಿಯ ಪ್ರಶ್ನೆಯಾಗಿತ್ತು. ಜಗತ್ತು ಇದಕ್ಕೆ ಕಂಡುಕೊಂಡ ಉತ್ತರವನ್ನು ಪ್ಯಾರಿಸ್ ನಗರದ ಉದಾಹರಣೆಯಿಂದ ನೋಡುವುದು ಸೂಕ್ತ. ಏಕೆಂದರೆ ಆ ಉತ್ತರದ ಭಾಷೆಯೇ ಫ್ರೆಂಚ್.

ಪ್ಯಾರಿಸ್‌ನ ಲೂವ್ರ್ ಬೀದಿಯ 52ನೇ ನಂಬರಿನಲ್ಲಿ 1880ರ ದಶಕದಲ್ಲಿ ಕಟ್ಟಿದ ದೊಡ್ಡ ಅಂಚೆ ಕಚೇರಿಯಿದೆ. ಬಹುಕಾಲ ಅದು ಹಗಲೂ ರಾತ್ರಿಯೂ ತೆರೆದಿರುತ್ತಿತ್ತು. ಲಕೋಟೆಯ ಮೇಲೆ ಪ್ರವಾಸಿಯ ಹೆಸರು, ಅದರ ಕೆಳಗೆ 'ಪೋಸ್ಟ್ ರೆಸ್ಟಾಂಟ್' ಎಂಬ ಎರಡು ಮಾತು, ಆಮೇಲೆ ಈ ಕಚೇರಿಯ ವಿಳಾಸ. ಇಷ್ಟು ಬರೆದರೆ ಸಾಕು, ಕಾಗದ ಅಲ್ಲಿಗೆ ಹೋಗಿ ಕಾಯುತ್ತಿತ್ತು. 'ಉಳಿದುಕೊಳ್ಳುವ ಅಂಚೆ' ಎಂಬುದೇ ಆ ಮಾತಿನ ಅರ್ಥ. ಪ್ರವಾಸಿ ಪಾಸ್‌ಪೋರ್ಟ್ ತೋರಿಸಿ, ಕಾಗದಕ್ಕಿಷ್ಟು ಎಂದು ಸಣ್ಣ ಶುಲ್ಕ ಕೊಟ್ಟು, ತನ್ನ ಟಪಾಲು ಪಡೆಯಬಹುದಿತ್ತು. ಆದರೆ ಕಾಗದ ಕಾಯುತ್ತಿದ್ದುದು 15 ದಿನ ಮಾತ್ರ. ಅಷ್ಟರಲ್ಲಿ ಯಾರೂ ಬಾರದಿದ್ದರೆ, ಕೇಳಿದವರಿಲ್ಲ ಎಂಬ ಅರ್ಥದ 'ನೋಂ ರೆಕ್ಲಾಮೆ' ಎಂಬ ಷರಾದೊಂದಿಗೆ ಅದು ಕಳಿಸಿದವರಿಗೇ ವಾಪಸು.

ಹಾಗಾದರೆ ಕರ್ನಾಟಕದ ಹಳ್ಳಿಯೊಂದರಿಂದ ಹೊರಟ ಲಕೋಟೆಯನ್ನು ಪ್ಯಾರಿಸ್‌ನ ಗುಮಾಸ್ತ ಏಕೆ ಜೋಪಾನ ಮಾಡಬೇಕು? ಅಂಚೆಚೀಟಿಯ ಹಣ ಭಾರತದ ಖಜಾನೆಗೆ ಸೇರಿದೆಯಲ್ಲ! ಇದರ ಹಿಂದೆ ಒಂದು ಒಪ್ಪಂದದ ಕಥೆಯಿದೆ. ಹಿಂದೆ ದೇಶದೇಶಗಳ ನಡುವೆ ಬೇರೆಬೇರೆ ಕರಾರುಗಳಿದ್ದವು. ಕಾಗದ ಎಷ್ಟು ದೇಶ ದಾಟುವುದೋ ಅಷ್ಟು ಲೆಕ್ಕ, ಅಷ್ಟು ದರ. ಈ ಗೊಂದಲ ನಿವಾರಿಸಲು ಅಮೆರಿಕದ ಪೋಸ್ಟ್‌ಮಾಸ್ಟರ್ ಜನರಲ್ ಮಾಂಟ್‌ಗೊಮರಿ ಬ್ಲೇರ್ ಅವರ ಸಲಹೆಯಂತೆ 1863ರಲ್ಲಿ 15 ದೇಶಗಳ ಪ್ರತಿನಿಧಿಗಳು ಪ್ಯಾರಿಸ್‌ನಲ್ಲೇ ಸೇರಿದರು. ಕೆಲಸ ಅರ್ಧಕ್ಕೆ ನಿಂತಿತು. ಅದನ್ನು ಪೂರ್ತಿ ಮಾಡಿದವರು ಜರ್ಮನಿಯ ಅಂಚೆ ಅಧಿಕಾರಿ ಹೈನ್ರಿಶ್ ಫಾನ್ ಸ್ಟೆಫಾನ್. 1874ರ ಅಕ್ಟೋಬರ್ 9ರಂದು ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ ಹಲವು ದೇಶಗಳು ಸಹಿ ಹಾಕಿದವು. ಇಂದಿನ ವಿಶ್ವ ಅಂಚೆ ಒಕ್ಕೂಟ ಹುಟ್ಟಿದ್ದು ಹೀಗೆ. ಭಾರತ 1876ರಲ್ಲಿ ಸೇರಿತು.

ಅಂಚೆಯ ಮಟ್ಟಿಗೆ ಸದಸ್ಯ ದೇಶಗಳೆಲ್ಲ ಒಂದೇ ಸೀಮೆ ಎಂಬುದು ಈ ಒಕ್ಕೂಟದ ತತ್ವ. ಕಳಿಸುವ ದೇಶ ಹಣವನ್ನು ತಾನೇ ಇಟ್ಟುಕೊಳ್ಳಲಿ, ತಲುಪಿಸುವ ದೇಶ ಲೆಕ್ಕ ಕೇಳದೆ ತಲುಪಿಸಲಿ ಎಂದು ಮೊದಲಿಗೆ ನಿಶ್ಚಯಿಸಲಾಯಿತು. ಪ್ರತಿ ಕಾಗದಕ್ಕೂ ಉತ್ತರ ಬರುತ್ತದೆ, ಲೆಕ್ಕ ತಾನೇ ಸರಿಹೋಗುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ಸುಮಾರು ಒಂದು ಶತಮಾನ ಈ ನಂಬಿಕೆ ನಡೆಯಿತು. ಒಕ್ಕೂಟದ ಅಧಿಕೃತ ಭಾಷೆ ಫ್ರೆಂಚ್. ಆದ್ದರಿಂದಲೇ ನಮ್ಮ ವಿಮಾನ ಟಪಾಲಿನ ಮೇಲೂ 'ಪಾರ್ ಅವಿಯೋಂ' ಎಂಬ ಮಾತು ಕಾಣುತ್ತಿತ್ತು.

ಒಪ್ಪಂದ ಎಷ್ಟೇ ಚೆನ್ನಾಗಿರಲಿ, ಕಾಗದವನ್ನು ಹುಡುಕಿ ಕೊಡುವವನು ಕೌಂಟರಿನ ಗುಮಾಸ್ತ. ಅವನು ಟಪಾಲನ್ನು ಮನೆತನದ ಹೆಸರಿನ ಅಕ್ಷರದಂತೆ ಖಾನೆಗಳಲ್ಲಿ ಜೋಡಿಸುತ್ತಿದ್ದ. ಕನ್ನಡಿಗರಿಗೆ ತೊಡಕು ಶುರುವಾಗುತ್ತಿದ್ದುದು ಇಲ್ಲೇ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರೇ ಇಲ್ಲ. ಮೊದಲ ಇನಿಷಿಯಲ್ ಊರಿನದು, ಎರಡನೆಯದು ತಂದೆಯದು, ಕೊನೆಗೆ ಬರುವುದು ಸ್ವಂತ ಹೆಸರು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ಲುಗಳು ಬಿಡಿಸಿಕೊಂಡು ಊರೇ ಮನೆತನವಾಗಿರುವುದೂ ಉಂಟು. ಸಾಲದ್ದಕ್ಕೆ ತಾಯಿ ಅಕ್ಕರೆಯಿಂದ ಹೆಸರಿನ ಹಿಂದೆ 'ಚಿ.' ಎಂದೋ, ಮಗಳಾದರೆ 'ಚಿ. ಸೌ.' ಎಂದೋ ಸೇರಿಸಿರುತ್ತಾಳೆ. ಫ್ರೆಂಚ್ ಗುಮಾಸ್ತನಿಗೆ ಅದು ಆಶೀರ್ವಾದವೋ ಹೆಸರೋ ತಿಳಿಯುವುದು ಹೇಗೆ? ಕಾಗದ ಒಂದು ಖಾನೆಯಲ್ಲಿ, ಹುಡುಕಾಟ ಇನ್ನೊಂದರಲ್ಲಿ ಎಂದಾಗಲು ಇಷ್ಟು ಸಾಕಾಗಿತ್ತು. ಪ್ರವಾಸಿ ಕೈಬೀಸಿಕೊಂಡು ಹಿಂತಿರುಗುತ್ತಿದ್ದ. ಹದಿನೈದು ದಿನ ತುಂಬಿದರೆ ತಂದೆಯ ಕಾಯಿಲೆಯ ಸುದ್ದಿ ಬಂದ ದಾರಿಯಲ್ಲೇ ಮರಳುತ್ತಿತ್ತು.

ಆದ್ದರಿಂದ ತಿಳಿದವರು ಹೊರಡುವ ಮುನ್ನವೇ ಪಾಸ್‌ಪೋರ್ಟಿನಲ್ಲಿರುವಂತೆ ಹೆಸರು ಬರೆದ ಚೀಟಿಯನ್ನು ಮನೆಯಲ್ಲಿ ಕೊಟ್ಟು, ಕೊನೆಯ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆಯಲು ಹೇಳುತ್ತಿದ್ದರು. ಕೌಂಟರಿನಲ್ಲೂ ಒಂದೇ ಅಕ್ಷರಕ್ಕೆ ತೃಪ್ತರಾಗದೆ ಊರಿನ ಅಕ್ಷರದ ಖಾನೆಯನ್ನೂ ನೋಡಿ ಎಂದು ವಿನಂತಿಸುತ್ತಿದ್ದರು.

ಕಾಗದ ಕಳಿಸುವುದು ಅಷ್ಟು ಕಷ್ಟವಿರಲಿಲ್ಲ. ಕೆಂಪು ಡಬ್ಬಿ ಹುಡುಕುವ ಭಾರತೀಯನಿಗೆ ಅಲ್ಲಿ ಸಿಗುವುದು ಹಳದಿ ಡಬ್ಬಿ. ಅಂಚೆಚೀಟಿ ತಂಬಾಕಿನ ಅಂಗಡಿಯಲ್ಲೂ ಸಿಗುತ್ತದೆ. ಡಬ್ಬಿಗೆ ಎರಡು ಬಾಯಿ: ಒಂದು ಪ್ಯಾರಿಸ್ ಮತ್ತು ಸುತ್ತಲ ಊರುಗಳಿಗೆ, ಇನ್ನೊಂದು ಉಳಿದ ಪ್ರಾಂತ್ಯಗಳಿಗೂ ವಿದೇಶಕ್ಕೂ. ಅಲ್ಲಿನವರು ಓದಬೇಕಾದದ್ದು ಮುಖ್ಯವಾಗಿ ದೇಶದ ಹೆಸರನ್ನು. ಅದು ರೋಮನ್ ಲಿಪಿಯಲ್ಲಿ ಸ್ಪಷ್ಟವಾಗಿದ್ದರೆ ಪತ್ರ ಭಾರತ ಸೇರುತ್ತದೆ. ಇಲ್ಲಿಗೆ ಬಂದ ಮೇಲೆ 1972ರಲ್ಲಿ ಜಾರಿಗೆ ಬಂದ ಆರು ಅಂಕಿಯ ಪಿನ್ ಕೋಡ್ ದಾರಿ ತೋರಿಸುತ್ತದೆ.

ಅವಸರದ ಸುದ್ದಿಗೆ ಮಾತ್ರ ಫೋನೇ ಗತಿ. ಹಿಂದೆ ಪ್ಯಾರಿಸ್‌ನ ಕೆಫೆಗಳಲ್ಲಿ ಫೋನ್ ಮಾಡಲು ಗಲ್ಲಾದಲ್ಲಿ 'ಝೆತೋಂ' ಎಂಬ ಬಿಲ್ಲೆ ಕೊಳ್ಳಬೇಕಿತ್ತು. 1980ರ ದಶಕದಲ್ಲಿ ಬೂತುಗಳಿಗೆ 'ತೆಲೆಕಾರ್ತ್' ಬಂತು. 50 ಅಥವಾ 120 ಯೂನಿಟ್ ತುಂಬಿದ, ಚಿಪ್ ಇರುವ ಕಾರ್ಡು ಅದು. ಭಾರತಕ್ಕೆ ಮಾತನಾಡಲು ಮೊದಲು 19 ಒತ್ತಿ, ಸ್ವರ ಬದಲಾಗುವವರೆಗೆ ಕಾದು, ಆಮೇಲೆ 91 ಒತ್ತಬೇಕಿತ್ತು. 1996ರ ಅಕ್ಟೋಬರ್‌ನಲ್ಲಿ 19ರ ಜಾಗಕ್ಕೆ 00 ಬಂತು. ಬೆಂಗಳೂರಿಗಾದರೆ 080ರ ಮೊದಲ ಸೊನ್ನೆ ಬಿಡಬೇಕು. ಗಡಿಯಾರವನ್ನೂ ಮರೆಯುವಂತಿರಲಿಲ್ಲ: ಚಳಿಗಾಲದಲ್ಲಿ ಪ್ಯಾರಿಸ್‌ನ ರಾತ್ರಿ 8 ಎಂದರೆ ಇಲ್ಲಿ ಮಧ್ಯರಾತ್ರಿ ಕಳೆದು ಅರ್ಧ ಗಂಟೆ. ಆಗ ಎಷ್ಟೋ ಮನೆಗಳಲ್ಲಿ ಫೋನ್ ಇರಲಿಲ್ಲ. ಇದ್ದದ್ದು ಪಕ್ಕದ ಮನೆಯ 'ಪಿ.ಪಿ.' ನಂಬರು. ಅವರು ಎದ್ದು, ಅಮ್ಮನನ್ನು ಕರೆತರುವಷ್ಟರಲ್ಲಿ ಕಾರ್ಡಿನ ಯೂನಿಟ್‌ಗಳು ಒಂದೊಂದಾಗಿ ಕರಗುತ್ತಿದ್ದವು. ಅದಕ್ಕೇ ಜಾಣರು ಇಂಥ ದಿನ, ಇಂಥ ಹೊತ್ತಿಗೆ ಫೋನ್ ಮಾಡುವೆನೆಂದು ಮೊದಲೇ ಕಾಗದ ಬರೆಯುತ್ತಿದ್ದರು. ಅಂಚೆಯೂ ಫೋನೂ ಹೀಗೆ ಒಂದಕ್ಕೊಂದು ಆಸರೆಯಾಗಿದ್ದವು.

ಈ 91 ಎಂಬ ಅಂಕಿಯೂ ಒಪ್ಪಂದದ ಫಲವೇ. ದೇಶಗಳಿಗೆ ಇಂಥ ಸಂಕೇತ ಹಂಚುವ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮೂಲ, 1865ರ ಮೇ 17ರಂದು ಪ್ಯಾರಿಸ್‌ನಲ್ಲಿ 20 ದೇಶಗಳು ಮಾಡಿಕೊಂಡ ಟೆಲಿಗ್ರಾಫ್ ಒಪ್ಪಂದ.

ಬೀದಿ ಬೂತುಗಳನ್ನು ಉಳಿಸಿಕೊಳ್ಳಲೇಬೇಕೆಂಬ ಹೊಣೆಯನ್ನು ಫ್ರಾನ್ಸ್ 2015ರ ಕಾನೂನಿನಿಂದ ಕೈಬಿಟ್ಟಿತು. ಆಮೇಲೆ ಅವು ಬೇಗನೆ ಮಾಯವಾದವು. ಲೂವ್ರ್ ಬೀದಿಯ ಕಟ್ಟಡ ನವೀಕರಣಗೊಂಡು ಈಗ ಅದರಲ್ಲಿ ಹೋಟೆಲೂ ಇದೆ. ಇಂದಿನ ಪ್ರವಾಸಿ ತನ್ನ ವಿಳಾಸವನ್ನು ಜೇಬಿನಲ್ಲೇ ಒಯ್ಯುತ್ತಾನೆ. ಇದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಆ ಜೇಬಿಗೆ ಕಳ್ಳ ಕೈಹಾಕಿದರೆ, ಅವನು ಮತ್ತೆ ವಿಳಾಸವಿಲ್ಲದವನೇ. ಎಷ್ಟೋ ಜನರಿಗೆ ಇಂದು ಮನೆಯ ಒಂದು ನಂಬರೂ ಬಾಯಿಗೆ ಬಾರದು.

ಆದ್ದರಿಂದ ಪರದೇಶಕ್ಕೆ ಹೊರಡುವವರು ಹಳಬರ ಒಂದು ಅಭ್ಯಾಸವನ್ನು ಬಿಡದಿರುವುದು ಒಳ್ಳೆಯದು. ಮನೆಯ ಎರಡು ನಂಬರುಗಳನ್ನು 91 ಸಹಿತ ಕಾಗದದಲ್ಲಿ ಬರೆದು, ಪಾಸ್‌ಪೋರ್ಟಿನಲ್ಲಿರುವಂತೆ ತಮ್ಮ ಹೆಸರನ್ನು ಅದರ ಕೆಳಗೆ ಬರೆದು, ಫೋನ್ ಇಡದ ಇನ್ನೊಂದು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಅಂಥದೇ ಚೀಟಿ ಮನೆಯಲ್ಲೂ ಒಂದಿರಲಿ.