ಗಾಯ, ನಂಜು ಮತ್ತು ಮೈಯ ಕಾವಲು

(ಸಂಘದ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ವಾಚನಾಲಯದ ಪತ್ರಿಕೆಗಳನ್ನು ಜೋಡಿಸಿಡುವ ನಮಗೆ ಇಂದು ನಾಲ್ಕು ಮಾತು ಆಡಲು ಅಪ್ಪಣೆಯಾಗಿದೆ. ನಾವು ವೈದ್ಯರಲ್ಲ, ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಲೆಕ್ಕ ಬರೆಯುವವರು. ಹೋದ ಮಳೆಗಾಲದಲ್ಲಿ ಕಣ್ಣಾರೆ ಕಂಡ ಒಂದು ಸಂಗತಿ ಈ ವಿಷಯವನ್ನು ಓದಿ ತಿಳಿಯುವಂತೆ ಮಾಡಿತು.

ನೇಯ್ಗೆ ಖಾತೆಯ ಗೆಳೆಯರೊಬ್ಬರ ಬೆರಳಿಗೆ ಗಾಯವಾಯಿತು. ಪಗಾರ ಕಡಿದಾರೆಂಬ ಹೆದರಿಕೆಯಿಂದ ಅರಿಸಿನ ಒತ್ತಿ, ಹರಕು ಬಟ್ಟೆ ಸುತ್ತಿಕೊಂಡು ಪಾಳಿಗೆ ಬಂದರು. ಹಾಜರಿ ಹಾಕುವ ನಾವು ಆ ಬಟ್ಟೆಯನ್ನು ಕಂಡೆವು, ಏನೆಂದು ಕೇಳಲಿಲ್ಲ. ನಾಲ್ಕನೆಯ ರಾತ್ರಿ ಚಳಿಜ್ವರ ಹತ್ತಿತು. ಏದುಸಿರು ಬಿಡುತ್ತ ತಮ್ಮ ಊರಿನ ಹೆಸರನ್ನೇ ತಪ್ಪಾಗಿ ಹೇಳತೊಡಗಿದರು. ಖೋಲಿಯವರು ‘ಜ್ವರದ ಬಡಬಡಿಕೆ, ಬೆಳಿಗ್ಗೆ ನೋಡೋಣ’ ಎಂದರು. ನೆರೆಮನೆಯ ಅಜ್ಜಿ ಮಾತ್ರ ‘ನಂಜು ಏರಿದೆ, ಈಗಲೇ ದವಾಖಾನೆಗೆ ಒಯ್ಯಿರಿ’ ಎಂದು ಗದರಿದರು. ಅದರಿಂದ ಜೀವ ಉಳಿಯಿತು, ಬೆರಳು ಉಳಿಯಲಿಲ್ಲ.

ಈ ನಂಜು ಏರುವುದನ್ನೇ ವೈದ್ಯರು ಸೆಪ್ಸಿಸ್ ಎನ್ನುತ್ತಾರೆ. ರೋಗಾಣುಗಳೇ ಮೈಯನ್ನು ತಿಂದುಹಾಕುತ್ತವೆ ಎಂದು ನಾವು ತಿಳಿದಿದ್ದೆವು. ಅದು ಅರ್ಧ ಸತ್ಯ ಮಾತ್ರ. ಉಳಿದರ್ಧ ಹಾನಿ ಮಾಡುವುದು ನಮ್ಮ ಮೈಯ ಕಾವಲೇ.

1882ರಲ್ಲಿ ಸಿಸಿಲಿಯ ಮೆಸ್ಸಿನಾ ಊರಿನಲ್ಲಿ ಮೆಚ್ನಿಕೋವ್ ಎಂಬ ವಿಜ್ಞಾನಿ ನಕ್ಷತ್ರಮೀನಿನ ಮರಿಗಳಿಗೆ ಮುಳ್ಳು ಚುಚ್ಚಿಟ್ಟು ನೋಡಿದರು. ಮರುದಿನ ಮುಳ್ಳಿನ ಸುತ್ತ ಸಂಚಾರಿ ಜೀವಕಣಗಳು ಮುತ್ತಿಕೊಂಡಿದ್ದುವು. ನಮ್ಮ ರಕ್ತದ ಬಿಳಿಯ ಕಣಗಳೂ ಹಾಗೆಯೇ ಗಾಯದತ್ತ ಓಡಿ ರೋಗಾಣುಗಳನ್ನು ನುಂಗುತ್ತವೆ. ಸೈಟೊಕೈನ್ ಎಂಬ ದೂತವಸ್ತುಗಳನ್ನು ಕಳಿಸಿ ಇನ್ನಷ್ಟು ಕಾವಲುಗಾರರನ್ನು ಕರೆಯುತ್ತವೆ. ಅವರು ಹೊರಬರಲೆಂದು ಅಲ್ಲಿಯ ರಕ್ತನಾಳಗಳು ಹಿಗ್ಗಿ, ನೀರು ಜಿನುಗುತ್ತದೆ. ಗಾಯ ಕೆಂಪಾಗಿ, ಬಿಸಿಯಾಗಿ, ಬಾತುಕೊಳ್ಳುವುದು ಇದರಿಂದಲೇ. ಇಷ್ಟಾದರೆ ಒಳ್ಳೆಯದೇ.

ಇದೇ ಕೆಲಸ ಮೈತುಂಬ ಹಬ್ಬಿದರೆ ಕೇಡು. ಎಲ್ಲೆಡೆ ನಾಳಗಳು ಸಡಿಲಗೊಂಡು ಸೋರುತ್ತವೆ, ರಕ್ತದ ಒತ್ತಡ ಕುಸಿಯುತ್ತದೆ. ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮೂತ್ರಪಿಂಡ, ಶ್ವಾಸಕೋಶ, ಮಿದುಳು ಸೊರಗುತ್ತವೆ. ಗೋದಾಮಿನ ಮೂಲೆಯ ಬೆಂಕಿಗೆ ಬಿಟ್ಟ ನೀರು ಇಡೀ ಗೋದಾಮಿನ ಥಾನುಗಳನ್ನು ಕೆಡಿಸಿದಂತೆ.

ರೋಗಾಣುವಿಲ್ಲದೆಯೂ ಹೀಗಾಗುವುದುಂಟು. ಯಂತ್ರಕ್ಕೆ ಸಿಕ್ಕಿಯೋ ರೈಲಿನಿಂದ ಬಿದ್ದೋ ಮೈ ಜಜ್ಜಿದರೆ ಜೀವಕೋಶಗಳು ಒಡೆದು ಒಳಗಿನದು ರಕ್ತಕ್ಕೆ ಸೇರುತ್ತದೆ. ಕೋಶಗಳೊಳಗಿನ ಮೈಟೊಕಾಂಡ್ರಿಯಗಳು ಬಹು ಪುರಾತನ ಕಾಲದ ಬ್ಯಾಕ್ಟೀರಿಯಗಳ ಸಂತತಿ. ಅವುಗಳ ಚೂರುಗಳನ್ನು ಕಾವಲುಗಾರರು ಶತ್ರುವೆಂದೇ ಬಗೆದು ಗುಲ್ಲೆಬ್ಬಿಸುತ್ತಾರೆ. ಅದರ ಜೊತೆಗೇ ಕಾವಲಿನ ಇನ್ನೊಂದು ಭಾಗ ದಣಿದು ಸೋಲುತ್ತದೆ. ಆದ್ದರಿಂದಲೇ ಮೂಳೆ ಮುರಿದು ಮಲಗಿದವರಿಗೆ ಕೆಲ ದಿನಗಳ ಮೇಲೆ ನ್ಯುಮೋನಿಯ ಅಂಟಬಹುದು. ಅವರನ್ನು ನೋಡಲು ಹೋಗುವವರು ಮೊದಲು ಸಾಬೂನಿನಿಂದ ಕೈ ತೊಳೆಯಬೇಕು.

ಸಣ್ಣ ಗಾಯವೆಂದು ಅಸಡ್ಡೆ ಬೇಡ. 1847ರಲ್ಲಿ ವಿಯೆನ್ನಾದ ವೈದ್ಯ ಕೊಲೆಚ್ಕಾ ಅವರು ಶವಪರೀಕ್ಷೆಯ ವೇಳೆ ಚಾಕು ತಗುಲಿ ನಂಜೇರಿ ತೀರಿಕೊಂಡರು. ಅವರ ಮಿತ್ರ ಸೆಮ್ಮೆಲ್‌ವೈಸ್ ಇದರಿಂದಲೇ ಪಾಠ ಕಲಿತು, ಹೆರಿಗೆ ವಾರ್ಡಿನಲ್ಲಿ ವೈದ್ಯರೆಲ್ಲ ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವಂತೆ ಮಾಡಿದರು; ಬಾಣಂತಿಯರ ಸಾವು ಬಹಳ ಇಳಿಯಿತು. ಇಂದಿಗೂ ಈ ಪಿಡುಗು ಸಣ್ಣದಲ್ಲ. 2017ರಲ್ಲಿ ಜಗತ್ತಿನಾದ್ಯಂತ ಸುಮಾರು 4 ಕೋಟಿ 89 ಲಕ್ಷ ಸಲ ಸೆಪ್ಸಿಸ್ ತಗುಲಿ, 1 ಕೋಟಿ 10 ಲಕ್ಷ ಜನ ಸತ್ತರೆಂದು ತಜ್ಞರ ಅಂದಾಜು.

ಮೈಯ ಈ ಅತಿ ಆರ್ಭಟವನ್ನೇ ಅಡಗಿಸುವ ಖಚಿತವಾದ ಒಂದು ಮದ್ದು ಇನ್ನೂ ಕೈಸೇರಿಲ್ಲ. ರೋಗಾಣು ಕೊಲ್ಲುವ ಔಷಧ, ನಾಳಕ್ಕೆ ಸಲೈನ್, ಆಮ್ಲಜನಕ, ಕೀವು ತೆಗೆಯುವುದು, ಇವು ಬೇಗ ಸಿಕ್ಕಬೇಕು. ಒತ್ತಡ ಕುಸಿದವರಿಗೆ ಒಂದು ಗಂಟೆಯೊಳಗೇ ಔಷಧ ಬೀಳಬೇಕೆಂದು ವೈದ್ಯರ ನಿಯಮ.

ಆದುದರಿಂದ ಬಂಧುಗಳೇ, ಈ ಗುರುತುಗಳನ್ನು ನೆನಪಿಡಿ: ಗಾಯವೋ ಜ್ವರವೋ ಇದ್ದವರು ನಿಮಿಷಕ್ಕೆ 22 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುವುದು, ತೊದಲುವುದು, ತಬ್ಬಿಬ್ಬಾಗುವುದು, ಮೂತ್ರ ಕಡಿಮೆಯಾಗುವುದು, ಕೈಕಾಲು ತಣ್ಣಗಾಗುವುದು. ಜ್ವರದ ಬದಲು ಮೈ ತಣ್ಣಗಾದರೂ ಅದು ಸಮಾಧಾನದ ಮಾತಲ್ಲ. ಇವುಗಳಲ್ಲಿ ಒಂದು ಕಂಡರೂ ಬೆಳಗಿನವರೆಗೆ ಕಾಯಬೇಡಿ. ಗಾಯವನ್ನು ಶುದ್ಧ ನೀರಿನಿಂದ ತೊಳೆದು, ಅದೇ ದಿನ ತೋರಿಸಿ. ಕಾರ್ಮಿಕ ರಾಜ್ಯ ವಿಮೆಯುಳ್ಳವರಿಗೆ ಕೆಲಸದಲ್ಲಾದ ಗಾಯಕ್ಕೆ ಚಿಕಿತ್ಸೆಯೂ, ದುಡಿಯಲಾಗದ ದಿನಗಳಿಗೆ ನಿಯಮದಂತೆ ನಗದು ಭತ್ಯೆಯೂ ಉಂಟು. ಅರ್ಜಿ ಬರೆಯಲು ಬಾರದವರು ಸಂಜೆ ವಾಚನಾಲಯಕ್ಕೆ ಬನ್ನಿ, ನಾವು ಬರೆದುಕೊಡುತ್ತೇವೆ.

ನಾವೂ ಈಗ ಹಾಜರಿ ಹಾಕುವಾಗ ಮುಖದ ಜೊತೆಗೆ ಕೈಯನ್ನೂ ನೋಡುತ್ತೇವೆ. ಬಟ್ಟೆ ಸುತ್ತಿದ್ದರೆ ಕೇಳುತ್ತೇವೆ. ನಿಮ್ಮ ನಿಮ್ಮ ಖೋಲಿಗಳಲ್ಲಿ ನೀವೂ ಕೇಳಿ ಎಂದು ಪ್ರಾರ್ಥಿಸುತ್ತೇವೆ.